ಹೊಸ ಸಂಪಾದಕರು, ಹಳೆಯ ಪ್ರಬಂಧಗಳು

ವೈದ್ಯಕೀಯ ಜರ್ನಲ್ ಒಂದರ ಸಂಪಾದಕ ತಂಡ ಬದಲಾದಾಗ ಹೊಸಬರು ತಮ್ಮ ಗುರಿಗಳನ್ನು ವಿವರಿಸಿ ಸಂಪಾದಕೀಯ ಬರೆಯುವುದು ವಾಡಿಕೆ. ಮೂತ್ರಪಿಂಡ ಸಂಶೋಧನೆಯ ಜರ್ನಲ್‌ಗಳೂ ಇದನ್ನು ಪಾಲಿಸಿಕೊಂಡು ಬಂದಿವೆ. ಅಂತರರಾಷ್ಟ್ರೀಯ ನೆಫ್ರಾಲಜಿ ಸಂಘದ ‘ಕಿಡ್ನಿ ಇಂಟರ್‌ನ್ಯಾಷನಲ್’ 1972ರಲ್ಲಿ ಆರಂಭವಾಯಿತು. ಅಮೆರಿಕದ ನೆಫ್ರಾಲಜಿ ಸಂಘ 1990ರಲ್ಲಿ ‘ಜೆಎಎಸ್‌ಎನ್’ ಎಂಬ ತನ್ನ ಜರ್ನಲ್ಲನ್ನು ಹೊರತಂದಾಗ, ಗುಳ್ಳೆಗಳಿಂದ ಮೂತ್ರಪಿಂಡ ಹಾಳಾಗುವ ಪಾಲಿಸಿಸ್ಟಿಕ್ ಕಾಯಿಲೆಯ ಅಧ್ಯಯನಕ್ಕೆ ಜೀವನವನ್ನೇ ಮುಡಿಪಾಗಿಟ್ಟಿದ್ದ ಜೇರೆಡ್ ಗ್ರಾಂಥಮ್ ಅದರ ಮೊದಲ ಸಂಪಾದಕರಾದರು. ಅದೇ ಸಂಘ 2006ರಲ್ಲಿ ಚಿಕಿತ್ಸಾ ಸಂಶೋಧನೆಗೆಂದೇ ‘ಸಿಜೆಎಎಸ್‌ಎನ್’ ಅನ್ನೂ, 2020ರಲ್ಲಿ ಎಲ್ಲರಿಗೂ ಮುಕ್ತವಾಗಿ ಓದಲು ಸಿಗುವ ‘ಕಿಡ್ನಿ360’ ಅನ್ನೂ ಆರಂಭಿಸಿತು. ಸಂಪಾದಕರ ಅವಧಿ ಕೆಲವು ವರ್ಷಗಳದ್ದು. ಅದು ಮುಗಿದಂತೆ ಹೊಸ ತಂಡ ಬರುತ್ತದೆ, ಹೊಸ ಗುರಿಗಳ ಲೇಖನವೂ ಬರುತ್ತದೆ.

ಆ ಲೇಖನಗಳನ್ನು ನಾನು ಶ್ರದ್ಧೆಯಿಂದ ಓದುತ್ತೇನೆ. ಮೂತ್ರಪಿಂಡದ ಕಾಯಿಲೆಯವರಿಗೆ ಚಿಕಿತ್ಸೆ ನೀಡುವ ನನ್ನಂಥ ವೈದ್ಯರು ಬರೆದುಕೊಡುವ ಔಷಧಿಯ ಚೀಟಿಯ ಹಿಂದೆ ಕೊನೆಗೂ ಇರುವುದು ಈ ಪುಟಗಳೇ. ಅವುಗಳಲ್ಲಿ ಹೇಳುವ ಗುರಿಗಳು ಬಹುಮಟ್ಟಿಗೆ ಒಂದೇ ಬಗೆಯವು: ಪ್ರಬಂಧ ಕಳಿಸಿದವರಿಗೆ ಬೇಗ ಉತ್ತರ ಕೊಡುವುದು, ಪರಿಶೀಲನೆಯನ್ನು ನ್ಯಾಯವಾಗಿ ನಡೆಸುವುದು, ಸಂಪಾದಕ ಮಂಡಳಿಯಲ್ಲಿ ಮಹಿಳೆಯರ ಮತ್ತು ಬೇರೆ ಬೇರೆ ದೇಶಗಳವರ ಸಂಖ್ಯೆಯನ್ನು ಹೆಚ್ಚಿಸುವುದು, ಕಿರಿಯ ವೈದ್ಯರಿಗೆ ಸಂಪಾದನೆಯ ತರಬೇತಿ ಕೊಡುವುದು, ಫಲಿತಾಂಶಗಳನ್ನು ಚಿತ್ರಸಾರಾಂಶಗಳ ಮೂಲಕ ಹೆಚ್ಚು ಜನರಿಗೆ ತಲುಪಿಸುವುದು. ಇವೆಲ್ಲ ಬೇಕಾದವೇ. ತಿಂಗಳುಗಟ್ಟಲೆ ಉತ್ತರವಿಲ್ಲದೆ ಕಾದು, ಕೊನೆಗೆ ಎರಡು ಸಾಲಿನ ತಿರಸ್ಕಾರ ಪಡೆಯುವ ಕಿರಿಯ ಸಂಶೋಧಕನ ಪಾಡನ್ನು ಬಲ್ಲವರಾರೂ ಬೇಗ ಉತ್ತರಿಸುವ ಗುರಿಯನ್ನು ಹಗುರವಾಗಿ ಕಾಣಲಾರರು.

ಆದರೂ ಈ ಪಟ್ಟಿಗಳಲ್ಲಿ ನಾನು ಹುಡುಕುವ ಗುರಿ ಬೇರೊಂದಿದೆ, ಮತ್ತು ಅದು ಸಿಗುವುದು ಅಪರೂಪ. ಈಗಾಗಲೇ ಅಚ್ಚಾಗಿರುವ ಪ್ರಬಂಧಗಳ ಬಗ್ಗೆ ಹೊಸ ತಂಡದ ಹೊಣೆ ಏನು ಎಂಬುದನ್ನು ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲ. ಗುರಿಗಳೆಲ್ಲ ಮುಂದೆ ಬರಲಿರುವ ಪ್ರಬಂಧಗಳನ್ನು ಕುರಿತವು. ರೋಗಿಗೆ ಇಂದು ಸಿಗುತ್ತಿರುವ ಚಿಕಿತ್ಸೆಯಾದರೋ ಹತ್ತು ಹದಿನೈದು ವರ್ಷ ಹಿಂದೆ ಪ್ರಕಟವಾದವನ್ನು ಆಧರಿಸಿದ್ದು. ಅವುಗಳಲ್ಲೊಂದು ತಪ್ಪೆಂದು ತಿಳಿದುಬಂದಾಗ ಜರ್ನಲ್ ಏನು ಮಾಡುತ್ತದೆ ಎಂಬುದೇ ನನ್ನ ದೃಷ್ಟಿಯಲ್ಲಿ ಹೊಸ ಸಂಪಾದಕರು ಮೊದಲು ಉತ್ತರಿಸಬೇಕಾದ ಪ್ರಶ್ನೆ.

ಹೀಗೆ ಹೇಳಲು ಮುಖ್ಯ ಕಾರಣ ರಕ್ತಹೀನತೆಯ ಚಿಕಿತ್ಸೆಯ ಇತಿಹಾಸ. ಕೆಂಪು ರಕ್ತಕಣಗಳ ಉತ್ಪಾದನೆಯನ್ನು ಪ್ರಚೋದಿಸುವ ಎರಿತ್ರೋಪೊಯೆಟಿನ್ ಎಂಬ ಹಾರ್ಮೋನು ತಯಾರಾಗುವುದು ಮುಖ್ಯವಾಗಿ ಮೂತ್ರಪಿಂಡದಲ್ಲಿ. ಮೂತ್ರಪಿಂಡ ಸೋತಾಗ ಹಾರ್ಮೋನು ಕಡಿಮೆಯಾಗಿ ಹಿಮೋಗ್ಲೋಬಿನ್ ಕುಸಿಯುತ್ತದೆ. 1989ರಲ್ಲಿ ಅಮೆರಿಕದಲ್ಲಿ ಅದರ ಇಂಜೆಕ್ಷನ್‌ಗೆ ಅನುಮತಿ ದೊರೆಯುವವರೆಗೆ ಡಯಾಲಿಸಿಸ್ ರೋಗಿಗಳಿಗೆ ಮತ್ತೆ ಮತ್ತೆ ರಕ್ತ ಕೊಡುವುದೇ ಗತಿಯಾಗಿತ್ತು. ಹಾಗಾಗಿ ಆ ಇಂಜೆಕ್ಷನ್ ದೊಡ್ಡ ವರವೇ ಸರಿ. ಸ್ವಲ್ಪ ಏರಿಸಿದರೆ ಇಷ್ಟು ಒಳ್ಳೆಯದಾಗುವುದಾದರೆ, ಆರೋಗ್ಯವಂತರ ಮಟ್ಟಕ್ಕೇ ಏರಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಅದನ್ನು ಪರೀಕ್ಷಿಸಲು ನಡೆದ ಅಧ್ಯಯನ 1998ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಹೃದ್ರೋಗವೂ ಇದ್ದ 1,233 ಹಿಮೋಡಯಾಲಿಸಿಸ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಹೆಮಟೊಕ್ರಿಟ್ ಅನ್ನು, ಎಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲನ್ನು, ಶೇ 42ಕ್ಕೂ ಇನ್ನೊಂದರಲ್ಲಿ ಶೇ 30ಕ್ಕೂ ನಿಲ್ಲಿಸುವ ಪ್ರಯತ್ನ ಮಾಡಲಾಗಿತ್ತು. ಹೆಚ್ಚು ಏರಿಸಿದ ಗುಂಪಿನಲ್ಲಿ ಸಾವು ಮತ್ತು ಹೃದಯಾಘಾತಗಳೇ ಹೆಚ್ಚಾಗುತ್ತಿದ್ದುದರಿಂದ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಪ್ರಬಂಧ ಇದನ್ನು ಮುಚ್ಚಿಡಲಿಲ್ಲ. ಆದರೆ ಹೆಮಟೊಕ್ರಿಟ್ ಏರಿದಂತೆ ರೋಗಿಗಳ ದೈಹಿಕ ಚಟುವಟಿಕೆಯ ಅಂಕಗಳೂ ಏರಿದವು ಎಂಬ ಇನ್ನೊಂದು ಮಾತೂ ಅದರಲ್ಲಿತ್ತು. ಆಯುಷ್ಯ ಹೆಚ್ಚದಿದ್ದರೂ ಬದುಕು ಸುಧಾರಿಸುತ್ತದೆ ಎಂಬ ನಂಬಿಕೆಗೆ ಆ ಮಾತು ಆಧಾರವಾಯಿತು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಆಗ ಡಯಾಲಿಸಿಸ್ ಕೇಂದ್ರಗಳಿಗೆ ಇಂಜೆಕ್ಷನ್‌ನ ಪ್ರಮಾಣಕ್ಕೆ ತಕ್ಕಂತೆ ಹಣ ಕೊಡುತ್ತಿದ್ದುದರಿಂದ ಬಳಕೆ ಏರುತ್ತಲೇ ಹೋಯಿತು. 2006ರಲ್ಲಿ ‘ಕಾಯರ್’ ಅಧ್ಯಯನ ಬಂದು ಹಿಮೋಗ್ಲೋಬಿನ್ ಅನ್ನು ಹೆಚ್ಚು ಏರಿಸುವ ಗುರಿಯ ಅಪಾಯವನ್ನು ಮತ್ತೆ ತೋರಿಸಿತು. ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಔಷಧಿಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2009ರಲ್ಲಿ 4,038 ಮಧುಮೇಹಿ ಮೂತ್ರಪಿಂಡ ರೋಗಿಗಳ ‘ಟ್ರೀಟ್’ ಅಧ್ಯಯನ, ಔಷಧಿ ಪಡೆದವರಲ್ಲಿ ಪಾರ್ಶ್ವವಾಯು ಹೆಚ್ಚುಕಡಿಮೆ ಇಮ್ಮಡಿಯಾದುದನ್ನು ತೋರಿಸಿತು.

ಈ ಕಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಘಟನೆ ನಡೆದದ್ದು ಇವೆಲ್ಲ ಮುಗಿದ ಮೇಲೆ. ಡೇನಿಯಲ್ ಕಾಯ್ನ್ ಎಂಬ ನೆಫ್ರಾಲಜಿಸ್ಟ್ ಮಾಹಿತಿ ಹಕ್ಕಿನಡಿ ಎಫ್‌ಡಿಎಯಿಂದ 1998ರ ಅಧ್ಯಯನದ ಮೂಲ ವರದಿಯನ್ನು ಪಡೆದು, ಅಚ್ಚಾದ ಪ್ರಬಂಧದ ಪಕ್ಕದಲ್ಲಿಟ್ಟು ಓದಿದರು. ಎರಡು ಗುಂಪುಗಳನ್ನು ನೇರವಾಗಿ ಹೋಲಿಸಿದಾಗ ಜೀವನದ ಗುಣಮಟ್ಟದಲ್ಲಿ ಸುಧಾರಣೆಯೇ ಇರಲಿಲ್ಲ ಎಂಬುದು ಆ ವರದಿಯಲ್ಲಿತ್ತು. ರೋಗಿಗಳನ್ನು ಎರಡು ಗುಂಪುಗಳಿಗೆ ಚೀಟಿ ಎತ್ತಿದಂತೆ ಹಂಚುವುದು, ಕೊನೆಯಲ್ಲಿ ಗುಂಪಿಗೆ ಗುಂಪನ್ನು ಹೋಲಿಸಲೆಂದೇ. ಹೆಮಟೊಕ್ರಿಟ್ ತಾನಾಗಿ ಚೆನ್ನಾಗಿ ಏರಿದವರನ್ನು ಎತ್ತಿಕೊಂಡು ಅವರು ಲವಲವಿಕೆಯಿಂದಿದ್ದಾರೆ ಎನ್ನುವುದು ಬೇರೆಯೇ ಮಾತು, ಏಕೆಂದರೆ ಮೊದಲೇ ಗಟ್ಟಿಮುಟ್ಟಾಗಿದ್ದವರಲ್ಲಿ ಅದು ಸುಲಭವಾಗಿ ಏರುತ್ತದೆ. ಕಾಯ್ನ್ ಅವರ ಈ ವಿಶ್ಲೇಷಣೆಯನ್ನು 2012ರಲ್ಲಿ ‘ಕಿಡ್ನಿ ಇಂಟರ್‌ನ್ಯಾಷನಲ್’ ಪ್ರಕಟಿಸಿತು. ಬೇರೊಂದು ಜರ್ನಲ್‌ನಲ್ಲಿ, ಹದಿನಾಲ್ಕು ವರ್ಷ ಹಿಂದೆ ಬಂದಿದ್ದ ಪ್ರಬಂಧವೊಂದನ್ನು ಮರುಪರೀಕ್ಷಿಸಲು ಮೂತ್ರಪಿಂಡದ ಜರ್ನಲ್ ತನ್ನ ಪುಟಗಳನ್ನು ಕೊಟ್ಟಿತು. ಹೊಸದೇನೂ ಇಲ್ಲ, ಹಳೆಯ ವಿಷಯ ಎಂದು ಹಿಂದಿರುಗಿಸುವುದು ಆ ಸಂಪಾದಕರಿಗೆ ಸುಲಭವಿತ್ತು. ಹಾಗೆ ಮಾಡದಿದ್ದುದಕ್ಕೆ ನಾನು ಅವರಿಗೆ ಇಂದಿಗೂ ಕೃತಜ್ಞ.

ಇದಕ್ಕಿಂತ ಘೋರವಾದದ್ದು ‘ಕೋಆಪರೇಟ್’ ಅಧ್ಯಯನ. 2003ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಬಂದ ಈ ಜಪಾನಿ ಪ್ರಬಂಧ, ಮಧುಮೇಹವಿಲ್ಲದ ಮೂತ್ರಪಿಂಡ ರೋಗಿಗಳಿಗೆ ರಕ್ತದೊತ್ತಡದ ಎರಡು ಬಗೆಯ ಮಾತ್ರೆಗಳನ್ನು, ಎಂದರೆ ಎಸಿಇ ತಡೆಕಾರಕ ಮತ್ತು ಎಆರ್‌ಬಿಗಳನ್ನು, ಒಟ್ಟಿಗೆ ಕೊಟ್ಟರೆ ಒಂದನ್ನೇ ಕೊಡುವುದಕ್ಕಿಂತ ಮೂತ್ರಪಿಂಡ ಹೆಚ್ಚು ಕಾಲ ಉಳಿಯುತ್ತದೆ ಎಂದಿತು. ಅದನ್ನು ನಂಬಿ ಅನೇಕ ದೇಶಗಳಲ್ಲಿ ವೈದ್ಯರು ಎರಡನ್ನೂ ಬರೆದರು. ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು ಇತರ ಸಂಶೋಧಕರು 2008ರಲ್ಲಿ ಪತ್ರ ಬರೆದು ಎತ್ತಿ ತೋರಿಸಿದರು. ತನಿಖೆಯಲ್ಲಿ ದತ್ತಾಂಶದ ನೈಜತೆ ದೃಢಪಡದ ಕಾರಣ 2009ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ‘ಆನ್‌ಟಾರ್ಗೆಟ್’ ಅಧ್ಯಯನ ಈ ಜೋಡಿ ಮೂತ್ರಪಿಂಡಕ್ಕೆ ಹಾನಿಕರ ಎಂದು ತೋರಿಸಿತ್ತು. 2013ರಲ್ಲಿ ಪ್ರಕಟವಾದ ಅಮೆರಿಕದ ‘ನೆಫ್ರಾನ್-ಡಿ’ ಅಧ್ಯಯನವನ್ನಂತೂ ಪೊಟ್ಯಾಸಿಯಂ ಏರಿಕೆ ಮತ್ತು ಹಠಾತ್ ಮೂತ್ರಪಿಂಡ ವೈಫಲ್ಯದ ಕಾರಣಕ್ಕೆ ಅರ್ಧದಲ್ಲೇ ನಿಲ್ಲಿಸಬೇಕಾಯಿತು.

ಹಿಂತೆಗೆತದ ಸೂಚನೆ ಪ್ರಕಟವಾದ ಮಾತ್ರಕ್ಕೆ ಪ್ರಬಂಧ ಜನರ ತಲೆಯಿಂದ ಹೋಗುವುದಿಲ್ಲ. ಅದನ್ನು ಉಲ್ಲೇಖಿಸಿದ ವಿಮರ್ಶಾ ಲೇಖನಗಳು, ಪಠ್ಯಪುಸ್ತಕದ ಅಧ್ಯಾಯಗಳು, ಸ್ನಾತಕೋತ್ತರ ವಿದ್ಯಾರ್ಥಿಗಳ ಟಿಪ್ಪಣಿಗಳು ಹಾಗೇ ಉಳಿಯುತ್ತವೆ. ಲ್ಯಾನ್ಸೆಟ್ ತನ್ನ ಪ್ರಬಂಧವನ್ನು ಹಿಂತೆಗೆದುಕೊಂಡಾಗ, ಅದನ್ನು ಆಧರಿಸಿ ತಮ್ಮಲ್ಲಿ ಬಂದ ಲೇಖನಗಳಿಗೆ ಮೂತ್ರಪಿಂಡದ ಜರ್ನಲ್‌ಗಳೂ ಒಂದೊಂದು ಎಚ್ಚರಿಕೆಯ ಟಿಪ್ಪಣಿ ಸೇರಿಸುವುದು ನ್ಯಾಯ. ಇದು ಬೇಸರದ, ಯಾರೂ ಹೊಗಳದ, ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು, ಎಂದರೆ ಜರ್ನಲ್‌ನ ಪ್ರಬಂಧಗಳನ್ನು ಇತರರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಳತೆಯನ್ನು, ಕೂದಲೆಳೆಯಷ್ಟೂ ಏರಿಸದ ಕೆಲಸ. ಅದಕ್ಕೇ ಇದನ್ನು ಒಬ್ಬರ ಒಳ್ಳೆಯತನಕ್ಕೆ ಬಿಡದೆ ತಂಡದ ಗುರಿಯೆಂದು ಬರೆದಿಡಬೇಕು.

ಈ ಶಾಖೆಗೆ ತಪ್ಪನ್ನು ತಾನಾಗಿ ತಿದ್ದಿಕೊಳ್ಳುವ ಶಕ್ತಿ ಕಡಿಮೆ ಇರುವುದರಿಂದಲೂ ಇದು ಅಗತ್ಯ. 2004ರಲ್ಲಿ ಸ್ಟ್ರಿಪ್ಪೋಲಿ ಮತ್ತು ಸಂಗಡಿಗರು ಜೆಎಎಸ್‌ಎನ್‌ನಲ್ಲಿ ಪ್ರಕಟಿಸಿದ ಎಣಿಕೆಯ ಪ್ರಕಾರ 1966ರಿಂದ 2002ರವರೆಗೆ ನೆಫ್ರಾಲಜಿಯಲ್ಲಿ ಬಂದ ಯಾದೃಚ್ಛಿಕ ಪ್ರಯೋಗಗಳು 2,779. ಇಂಟರ್ನಲ್ ಮೆಡಿಸಿನ್‌ನ ಬೇರೆಲ್ಲ ಉಪಶಾಖೆಗಳಿಗಿಂತ ಇದು ಕಡಿಮೆಯಾಗಿತ್ತು. ಹೃದ್ರೋಗದಲ್ಲಿ ಒಂದು ತಪ್ಪು ಪ್ರಬಂಧ ಬಂದರೆ ಅದನ್ನು ಅಲ್ಲಗಳೆಯಲು ಮತ್ತೆರಡು ಅಧ್ಯಯನಗಳು ನಡೆಯುತ್ತವೆ. ನಮ್ಮಲ್ಲಿ ಒಂದೇ ಅಧ್ಯಯನದ ಮೇಲೆ ದಶಕ ಕಾಲ ಚಿಕಿತ್ಸೆ ನಿಂತಿರುತ್ತದೆ. ಪರಿಸ್ಥಿತಿ ಈಚೆಗೆ ಸುಧಾರಿಸಿದೆ ಎಂಬುದು ಸಂತೋಷದ ವಿಷಯ: 2019ರ ‘ಕ್ರೆಡೆನ್ಸ್’, 2020ರ ‘ಡಾಪಾ-ಸಿಕೆಡಿ’, 2024ರ ‘ಫ್ಲೋ’ ಮೂರೂ ಮೂತ್ರಪಿಂಡದ ಅವನತಿಯನ್ನು ನಿಧಾನಗೊಳಿಸುವ ಔಷಧಿಗಳನ್ನು ನಮ್ಮ ಕೈಗಿತ್ತಿವೆ. ಆದರೆ ಮೂರೂ ಪ್ರಕಟವಾದದ್ದು ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ. ದೊಡ್ಡ ಪ್ರಯೋಗಗಳು ಅಲ್ಲಿಗೇ ಹೋಗುತ್ತವೆ, ಮುಂದೆಯೂ ಹೋಗುತ್ತವೆ. ಅವನ್ನು ಸೆಳೆಯುವುದೇ ಗುರಿಯೆಂದು ಹೊಸ ಸಂಪಾದಕರು ಬರೆದಾಗ ನನಗೆ ಅಷ್ಟು ಉತ್ಸಾಹ ಹುಟ್ಟುವುದಿಲ್ಲ. ಫಲ ಕೊಡದ ಪ್ರಯೋಗಗಳನ್ನು ಪೂರ್ತಿಯಾಗಿ, ಗೌರವದಿಂದ ಪ್ರಕಟಿಸುತ್ತೇವೆ ಎಂದು ಬರೆದರೆ ಹುಟ್ಟುತ್ತದೆ.

ಪ್ರಯೋಗ ಆರಂಭವಾಗುವ ಮೊದಲೇ ಅದನ್ನು ನೋಂದಾಯಿಸಬೇಕೆಂಬ ನಿಯಮವನ್ನು ಪ್ರಮುಖ ವೈದ್ಯಕೀಯ ಸಂಪಾದಕರು 2005ರಿಂದ ಜಾರಿಗೆ ತಂದರು. ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐಯಲ್ಲಿ ನೋಂದಣಿ 2007ರಲ್ಲಿ ಆರಂಭವಾಗಿ 2009ರಲ್ಲಿ ಕಡ್ಡಾಯವಾಯಿತು. ನೋಂದಣಿಯಲ್ಲಿ ಏನನ್ನು ಅಳೆಯುತ್ತೇವೆ ಎಂದು ಹೇಳಿದ್ದರೋ ಅದನ್ನೇ ಪ್ರಬಂಧದಲ್ಲಿ ವರದಿ ಮಾಡಿದ್ದಾರೆಯೇ ಎಂದು ಸಂಪಾದಕರು ಪ್ರತಿ ಸಲ ತೆರೆದು ನೋಡಿದರೆ ಮಾತ್ರ ಆ ನಿಯಮಕ್ಕೆ ಬೆಲೆ.

ಏನನ್ನು ಅಳೆಯಬೇಕು ಎಂಬುದೂ ಸಂಪಾದಕರ ತೀರ್ಮಾನಗಳಿಂದಲೇ ರೂಪಗೊಳ್ಳುತ್ತದೆ. ಬಾರ್ಡೊಕ್ಸಲೋನ್ ಎಂಬ ಔಷಧಿ ಮೂತ್ರಪಿಂಡದ ಸೋಸುವಿಕೆಯ ದರವನ್ನು, ಸ್ನಾಯುಗಳಿಂದ ರಕ್ತಕ್ಕೆ ಸೇರುವ ತ್ಯಾಜ್ಯವಾದ ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಜಿಎಫ್‌ಆರ್ ಅನ್ನು, ಏರಿಸಿತೆಂದು 2011ರಲ್ಲಿ ಎಲ್ಲರೂ ಸಂಭ್ರಮಿಸಿದ್ದರು. ಮಧುಮೇಹದಿಂದ ಮೂತ್ರಪಿಂಡ ಬಹಳ ಕ್ಷೀಣಿಸಿದ್ದ ರೋಗಿಗಳ ‘ಬೀಕನ್’ ಪ್ರಯೋಗದಲ್ಲಿ ಹೃದಯ ವೈಫಲ್ಯದ ಪ್ರಕರಣಗಳು ಹೆಚ್ಚಿ, 2012ರಲ್ಲಿ ಅದನ್ನು ನಿಲ್ಲಿಸಲಾಯಿತು. ರಕ್ತಪರೀಕ್ಷೆಯ ಸಂಖ್ಯೆ ಚೆನ್ನಾಗಿದ್ದು ಮನುಷ್ಯ ಚೆನ್ನಾಗಿಲ್ಲದಿರುವುದು ಸಾಧ್ಯ. ಆಸ್ಟ್ರೇಲಿಯಾದಿಂದ ಆರಂಭವಾದ ‘ಸಾಂಗ್’ ಯೋಜನೆಯವರು ಡಯಾಲಿಸಿಸ್ ರೋಗಿಗಳನ್ನೂ ಅವರ ಮನೆಯವರನ್ನೂ ವೈದ್ಯರನ್ನೂ ಅನೇಕ ದೇಶಗಳಲ್ಲಿ ಕೇಳಿ, ಪ್ರತಿ ಪ್ರಯೋಗವೂ ಅಳೆಯಲೇಬೇಕಾದ ವಿಷಯಗಳನ್ನು ಗೊತ್ತುಮಾಡಿದರು. ಸಾವು, ಹೃದ್ರೋಗ, ಡಯಾಲಿಸಿಸ್‌ಗೆ ರಕ್ತ ಎಳೆಯುವ ಫಿಸ್ಟುಲಾದಂಥ ರಕ್ತನಾಳ ಮಾರ್ಗದ ಸ್ಥಿತಿಯ ಜೊತೆಗೆ ದಣಿವೂ ಆ ಪಟ್ಟಿಗೆ ಸೇರಿತು. ಡಯಾಲಿಸಿಸ್ ಮುಗಿಸಿ ಮನೆಗೆ ಹೋದವರು ಆ ದಿನವಿಡೀ ಏಳಲಾರದೆ ಮಲಗಿರುತ್ತಾರೆ ಎಂಬುದು ಅವರ ಹೆಂಡತಿ, ಗಂಡ, ಮಕ್ಕಳಿಗೆಲ್ಲ ಗೊತ್ತು. ನಮ್ಮ ಪ್ರಬಂಧಗಳಲ್ಲಿ ಮಾತ್ರ ಅದು ಬಹಳ ಕಾಲ ಇರಲಿಲ್ಲ. ರೋಗಿಗಳನ್ನು ಪರಿಶೀಲಕರಾಗಿ, ಬರಹಗಾರರಾಗಿ ಒಳಗೆ ಕರೆದುಕೊಳ್ಳುವ ಗುರಿಯನ್ನು ಈಚಿನ ಕೆಲವು ತಂಡಗಳು ಒಪ್ಪಿಕೊಂಡಿರುವುದು ನನಗೆ ನಿಜವಾದ ಮುನ್ನಡೆ ಎನಿಸುತ್ತದೆ.

ಯಾರ ಮೂತ್ರಪಿಂಡದ ಬಗ್ಗೆ ಬರೆಯುತ್ತಿದ್ದೇವೆ ಎಂಬ ಪ್ರಶ್ನೆಯೂ ಹಳೆಯ ಪ್ರಬಂಧಗಳಿಗೇ ಹಿಂದಿರುಗಿಸುತ್ತದೆ. ಜಿಎಫ್‌ಆರ್ ಲೆಕ್ಕ ಹಾಕುವ 1999ರ ಎಂಡಿಆರ್‌ಡಿ ಸೂತ್ರ ಮತ್ತು 2009ರ ಸಿಕೆಡಿ-ಎಪಿ ಸೂತ್ರ, ರೋಗಿ ಕಪ್ಪುಜನಾಂಗದವನಾಗಿದ್ದರೆ ಜಿಎಫ್‌ಆರ್ ಅನ್ನು ಕ್ರಮವಾಗಿ ಸುಮಾರು ಶೇ 21 ಮತ್ತು ಶೇ 16ರಷ್ಟು ಹೆಚ್ಚು ತೋರಿಸುತ್ತಿದ್ದವು. ಅಮೆರಿಕದಲ್ಲಿ ಕಸಿಗಾಗಿ ಕಾಯುವ ಪಟ್ಟಿಯಲ್ಲಿ ದಿನ ಎಣಿಕೆ ಆರಂಭವಾಗುವುದು ಈ ಅಂಕಿ 20 ಅಥವಾ ಅದಕ್ಕಿಂತ ಕೆಳಗೆ ಬಂದಾಗ ಇಲ್ಲವೇ ಡಯಾಲಿಸಿಸ್ ಆರಂಭವಾದಾಗ. ಆದ್ದರಿಂದ ಅಷ್ಟೇ ಕಾಯಿಲೆಯಿದ್ದರೂ ಕಪ್ಪುಜನಾಂಗದ ರೋಗಿ ತಡವಾಗಿ ಸಾಲು ಸೇರುತ್ತಿದ್ದ. ವೈದ್ಯ ವಿದ್ಯಾರ್ಥಿಗಳೂ ಕಿರಿಯ ವೈದ್ಯರೂ ಪಟ್ಟುಬಿಡದೆ ಪ್ರಶ್ನಿಸಿದ ಮೇಲೆ ರಚನೆಯಾದ ಸಮಿತಿಯ ವರದಿಯನ್ನು 2021ರಲ್ಲಿ ಎರಡು ಮೂತ್ರಪಿಂಡ ಜರ್ನಲ್‌ಗಳು ಪ್ರಕಟಿಸಿದವು. ಜನಾಂಗದ ಅಂಶವಿಲ್ಲದ ಹೊಸ ಸೂತ್ರ ಬಂತು. 2023ರಿಂದ ಸಾವಿರಾರು ರೋಗಿಗಳಿಗೆ ಕಳೆದುಹೋದ ಕಾಯುವಿಕೆಯ ಕಾಲವನ್ನು ಹಿಂದಿರುಗಿಸಿ ಕೊಡಲಾಯಿತು. ಪ್ರಬಂಧವೊಂದರ ತಿದ್ದುಪಡಿ ಮನುಷ್ಯರ ಬದುಕಿಗೆ ತಲುಪಿದ್ದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೊಂದು ತಿಳಿಯದು.

ಭಾರತೀಯರ ವಿಷಯದಲ್ಲಿ ಅಂಥ ತಿದ್ದುಪಡಿ ಇನ್ನೂ ಪೂರ್ಣವಾಗಿ ಆಗಿಲ್ಲ. ನಮ್ಮಲ್ಲಿ ಅನೇಕರ ಸ್ನಾಯುಗಳು ಕಡಿಮೆ, ಮಾಂಸಾಹಾರವೂ ಕಡಿಮೆ, ಹಾಗಾಗಿ ಕ್ರಿಯಾಟಿನಿನ್ ಉತ್ಪತ್ತಿಯೇ ಕಡಿಮೆ. ಪಶ್ಚಿಮದ ಜನರನ್ನು ಅಳೆದು ರಚಿಸಿದ ಸೂತ್ರಗಳು ನಮ್ಮ ಜಿಎಫ್‌ಆರ್ ಅನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ ಎಂದು ಚಂಡೀಗಢದ ಸಂಶೋಧಕರು ನೇರವಾಗಿ ಅಳತೆ ಮಾಡಿ ತೋರಿಸಿದ್ದಾರೆ. ಬಡಕಲು ದೇಹದ ರೈತ ಮಹಿಳೆಯೊಬ್ಬರ ವರದಿಯಲ್ಲಿ ಕ್ರಿಯಾಟಿನಿನ್ ‘ನಾರ್ಮಲ್’ ಎಂದು ಕಂಡಾಗ ನಾನು ನಿಶ್ಚಿಂತನಾಗಲಾರೆ. ಅದಕ್ಕೆ ಕಾರಣ ಇಂಥ ಪ್ರಬಂಧಗಳು.

ಭಾರತದಿಂದ ಬರುವ ಸಂಶೋಧನೆಗೆ ಜಾಗ ಕೊಡುವುದು ಉದಾರತೆಯ ಪ್ರಶ್ನೆಯೂ ಅಲ್ಲ. ಭಾರತದ ನೆಫ್ರಾಲಜಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಚಂಡೀಗಢದ ಕಿರ್ಪಾಲ್ ಸಿಂಗ್ ಚುಗ್, ಹಾವು ಕಚ್ಚಿದವರ ಮೂತ್ರಪಿಂಡಕ್ಕೆ ಏನಾಗುತ್ತದೆ ಎಂಬುದನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. 1989ರಲ್ಲಿ ಕಿಡ್ನಿ ಇಂಟರ್‌ನ್ಯಾಷನಲ್ ಅದನ್ನು ವಿಸ್ತಾರವಾಗಿ ಪ್ರಕಟಿಸಿತು. ಕೊಳಕುಮಂಡಲ ಕಚ್ಚಿ ಮೂತ್ರ ನಿಂತ ಕೂಲಿಕಾರರನ್ನು ನೋಡುವ ಕರ್ನಾಟಕದ ವೈದ್ಯರಿಗೆ ಆ ಬರಹ ದಾರಿ ತೋರಿಸಿದೆ. ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದ್ದು 2024ರಲ್ಲಿ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತದಲ್ಲಿ, ನಿಕರಾಗುವಾ ಮತ್ತು ಎಲ್ ಸಾಲ್ವಡಾರ್‌ಗಳ ಕಬ್ಬಿನ ಗದ್ದೆಗಳಲ್ಲಿ ಮಧುಮೇಹವೂ ರಕ್ತದೊತ್ತಡವೂ ಇಲ್ಲದ ದುಡಿಮೆಗಾರರ ಮೂತ್ರಪಿಂಡಗಳು ಸೋಲುತ್ತಿರುವುದಕ್ಕೆ ಖಚಿತ ಕಾರಣ ಇನ್ನೂ ಸಿಕ್ಕಿಲ್ಲ. ಬಿಸಿಲಿನ ದುಡಿಮೆ, ಕುಡಿಯುವ ನೀರು, ಕೀಟನಾಶಕ ಎಲ್ಲವನ್ನೂ ಶಂಕಿಸಲಾಗಿದೆ. ಇಂಥ ಪ್ರಬಂಧಗಳು ಹಳ್ಳಿಯಿಂದ ಹಳ್ಳಿಗೆ ಅಲೆದು, ಸಣ್ಣ ಲ್ಯಾಬ್‌ಗಳನ್ನು ನಂಬಿ ಮಾಡಿದವು. ಇವುಗಳ ಅಪೂರ್ಣತೆಯನ್ನು ಅರ್ಥಮಾಡಿಕೊಂಡು, ತಿದ್ದಲು ಲೇಖಕರಿಗೆ ನೆರವಾಗುವ ಸಂಪಾದಕರು ಬೇಕು. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜಿನಂತೆ, 2010ರಲ್ಲಿ ಜಗತ್ತಿನಲ್ಲಿ ಸುಮಾರು 26 ಲಕ್ಷ ಜನ ಡಯಾಲಿಸಿಸ್ ಅಥವಾ ಕಸಿಯ ಬಲದಿಂದ ಬದುಕಿದ್ದರು, ಕನಿಷ್ಠ 22.8 ಲಕ್ಷ ಜನ ಅದು ದೊರೆಯದೆ ಸತ್ತಿರಬಹುದು. ಆ ಎರಡನೆಯವರಲ್ಲಿ ಹೆಚ್ಚಿನವರು ಏಷ್ಯಾ ಮತ್ತು ಆಫ್ರಿಕಾದವರು.

ಓದಲು ಸಿಗುವುದರ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. 2025ರ ಜನವರಿಯಿಂದ ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಜರ್ನಲ್‌ಗಳು ತೆರೆದುಕೊಂಡಿವೆ. ತಾಲ್ಲೂಕು ಕೇಂದ್ರದ ಖಾಸಗಿ ಡಯಾಲಿಸಿಸ್ ಘಟಕದ ವೈದ್ಯರು ಇದರ ಹೊರಗೇ ಉಳಿದಿದ್ದಾರೆ. ಮುಕ್ತ ಓದಿನ ಜರ್ನಲ್‌ಗಳು ಅವರಿಗೆ ಸಿಗುತ್ತವೆ, ಆದರೆ ಅಂಥ ಅನೇಕ ಜರ್ನಲ್‌ಗಳಲ್ಲಿ ಬರೆಯುವವರು ಸಾವಿರಾರು ಡಾಲರ್ ಶುಲ್ಕ ತೆರಬೇಕು. ಕನಿಷ್ಠ ಪಕ್ಷ ತಿದ್ದುಪಡಿಗಳು, ಹಿಂತೆಗೆತಗಳು ಮತ್ತು ಅವುಗಳ ಕಾರಣಗಳು ಎಲ್ಲರಿಗೂ ಉಚಿತವಾಗಿ, ಮೂಲ ಪ್ರಬಂಧದ ಮೊದಲ ಪುಟದಲ್ಲೇ ಕಾಣುವಂತಿರಬೇಕು.

ನನ್ನ ಬೇಡಿಕೆಯನ್ನು ಸರಿಯಾಗಿ ಹೇಳಬೇಕೆಂದರೆ ಪತ್ರಗಳ ಅಂಕಣದಿಂದ ಆರಂಭಿಸಬೇಕು. ನ್ಯೂ ಇಂಗ್ಲೆಂಡ್ ಜರ್ನಲ್‌ನ ನಿಯಮದಂತೆ ಪ್ರಬಂಧವೊಂದಕ್ಕೆ ಪ್ರತಿಕ್ರಿಯಿಸುವವರು ಅದು ಅಚ್ಚಾದ ಮೂರು ವಾರಗಳೊಳಗೆ, 175 ಪದಗಳ ಮಿತಿಯಲ್ಲಿ ಬರೆಯಬೇಕು. ಇಂಥ ಮಿತಿಗಳು ಬೇರೆ ಜರ್ನಲ್‌ಗಳಲ್ಲೂ ಇವೆ. ಕಾಯ್ನ್ ಅವರ ವಿಶ್ಲೇಷಣೆ ಬಂದದ್ದು ಹದಿನಾಲ್ಕು ವರ್ಷಗಳ ನಂತರ. ಕೋಆಪರೇಟ್‌ನ ಅಂಕಿಗಳನ್ನು ಪ್ರಶ್ನಿಸಿದ ಪತ್ರ ಬಂದದ್ದು ಐದು ವರ್ಷಗಳ ನಂತರ. ಹೊಸ ತಂಡ ತನ್ನ ಜರ್ನಲ್‌ನಲ್ಲಿ ಈ ಗಡುವನ್ನು ತೆಗೆದುಹಾಕಲಿ. ಮಂಡಳಿಯ ಒಬ್ಬ ಸಂಪಾದಕರಿಗೆ ಹಳೆಯ ಪ್ರಬಂಧಗಳ ಮೇಲಿನ ದೂರು, ಮರುವಿಶ್ಲೇಷಣೆ ಮತ್ತು ಹಿಂತೆಗೆತಗಳನ್ನಷ್ಟೇ ನೋಡಿಕೊಳ್ಳುವ ಕೆಲಸ ವಹಿಸಿ, ಅವರ ಹೆಸರನ್ನು ಜರ್ನಲ್‌ನಲ್ಲಿ ಪ್ರಕಟಿಸಲಿ. ಅವರ ಬಳಿಗೆ ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು, ಎಷ್ಟು ಕಾಲ ಹಿಡಿಯಿತು ಎಂಬುದನ್ನು ವರ್ಷಕ್ಕೊಮ್ಮೆ, ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಪ್ರಕಟಿಸುವ ಅದೇ ಪುಟದಲ್ಲಿ ಓದುಗರಿಗೆ ತಿಳಿಸಲಿ.